ಹಾವಿಗೆ ಬಾಣಂತನ ಮಾಡಿದ ಸಿಸ್ಟರ್

ಬ್ಯಾಡಗಿಯಲ್ಲಿ ಸಿಸ್ಟರ್ ಅವರ ಮಣ್ಣಿಗೆ ಹೋಗಿ ಬಂದವರೆಲ್ಲ ಕೈಕಾಲು ತೊಳೆದು ಅಂಗಳದ ಚಾಪೆಯ ಮೇಲೆ ಕುಳಿತಿದ್ದರು. ಚಹಾದ ಲೋಟ ಕೈಗೆ ಬಂದ ಮೇಲೆ ಮಾತು ಬಿಚ್ಚಿಕೊಂಡಿತು. ಒಬ್ಬರಾದ ಮೇಲೆ ಒಬ್ಬರು ಹೇಳಿದ್ದು ಅದೇ: "ಒಳ್ಳೇಕಿ ಇದ್ದಳು. ಆದ್ರ ಭಾಳ ಹಟಮಾರಿ." ಆ 'ಆದ್ರ' ನನಗೆ ಸರಿಬರಲಿಲ್ಲ. ಸಾವಿನ ಮನೆಯಲ್ಲಿ ಜಗಳ ಬೇಡವೆಂದು ಸುಮ್ಮನಿದ್ದೆ. ಅಲ್ಲಿ ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರು ಹಟ ಬಿಟ್ಟಿದ್ದರೆ ಒಳ್ಳೆಯವರಾಗಿ ಉಳಿಯುತ್ತಿರಲಿಲ್ಲ. ಅವರ ಒಳ್ಳೆಯತನ ನಿಂತಿದ್ದೇ ಅದರ ಮೇಲೆ.

ಹೆಸರು ಬೇಡ. ಹಾವೇರಿಯ ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಸಿಸ್ಟರ್ ಅನ್ನುತ್ತಿದ್ದರು. ನಿವೃತ್ತಿಯಾಗಿ ರಾಣೆಬೆನ್ನೂರಿಗೆ ಬಂದ ಮೇಲೂ ತರಕಾರಿಯವರಿಂದ ಹಿಡಿದು ಗ್ಯಾಸ್ ಸಿಲಿಂಡರ್ ತರುವವನವರೆಗೆ ಎಲ್ಲರಿಗೂ ಸಿಸ್ಟರ್. ಗಿಡ್ಡ ಆಳು, ದಪ್ಪ ಮೈ. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಯಾವುದನ್ನು ಕಂಡರೂ ಮುಂಗೈಯ ಹಿಂಬದಿ ಒತ್ತಿ ನೋಡುವ ಅಭ್ಯಾಸ: ಮಕ್ಕಳ ಹಣೆ, ಹಾಲಿನ ಪಾತ್ರೆ, ಬಿಸಿಲಿಗೆ ಕಾದ ಗೋಡೆ. ಮಾತಾಡಿಸಲು ಬಂದವರಿಗೂ ಒಮ್ಮೊಮ್ಮೆ ಹಾಗೆ ಒತ್ತಿ ನೋಡಿ, "ಜ್ವರ ಇಲ್ಲ, ಹಂಗಾದ್ರ ಯಾಕ ಹಿಂಗ ಮಾತಾಡಾಕತ್ತೀರಿ?" ಅನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಹೆರಿಗೆ ವಾರ್ಡಿನಲ್ಲಿ. ನನ್ನ ಎರಡನೆಯ ಮಗಳು ಹುಟ್ಟಿದ ದಿನ. ಅಲ್ಲಿ ಗಂಡು ಹುಟ್ಟಿದರೆ ಆಯಾ ಓಡಿಹೋಗಿ ಹೇಳುತ್ತಿದ್ದಳು, ಹೆಣ್ಣು ಹುಟ್ಟಿದರೆ ಯಾರಾದರೂ ಬಂದು ಕೇಳುವವರೆಗೂ ಸುದ್ದಿ ಹೊರಗೆ ಹೋಗುತ್ತಿರಲಿಲ್ಲ. ಸಿಸ್ಟರ್ ಇದ್ದ ಪಾಳಿಯಲ್ಲಿ ಮಾತ್ರ ಇದು ತಿರುಗುಮುರುಗು. ಮಗುವನ್ನು ಎತ್ತಿಕೊಂಡು ತಾವೇ ಬಾಗಿಲಿಗೆ ಹೋಗಿ, ಕಾರಿಡಾರಿನ ಆ ತುದಿಗೂ ಕೇಳುವಂತೆ ಕೂಗುತ್ತಿದ್ದರು: "ಮಗಳು ಬಂದಾಳ! ಸಕ್ಕರಿ ತರ್ರಿ!" ಬೆಂಚಿನ ಮೇಲೆ ಕುಳಿತಿದ್ದ ನಮ್ಮ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರಂತೆ. ಸಿಸ್ಟರ್ ಅಲ್ಲೇ ನಿಂತು ಕೇಳಿದರಂತೆ: "ಯಾಕ್ರೀ ಅವ್ವಾರ, ಮಕಾ ಸಣ್ಣದು ಮಾಡೀರಿ? ನೀವು ಏನು ಗಂಡಸಾಗಿ ಹುಟ್ಟಿದ್ರೇನು?"

ಅತ್ತೆ ಆ ಮಾತನ್ನು ಮರೆಯಲಿಲ್ಲ. ಕೆಲವು ವರ್ಷಗಳ ಮೇಲೆ ನಮ್ಮ ಬಾಡಿಗೆ ಮನೆಯ ಪಕ್ಕದ ಅರ್ಧ ಖಾಲಿಯಾಗಿ, ಸಾಮಾನಿನ ಟೆಂಪೊದಿಂದ ಕ್ಯಾನ್ವಾಸ್ ಬೂಟು ಕೆಳಗಿಳಿದಾಗ, ಕಿಟಕಿಯಲ್ಲಿ ನಿಂತಿದ್ದ ಅತ್ತೆ, "ಅಯ್ಯ ಶಿವನ, ಆಕಿನ ಬಂದಳು," ಅಂದು ಒಳಗೆ ಹೋಗಿಬಿಟ್ಟರು.

ರಾಣೆಬೆನ್ನೂರೇ ಯಾಕೆ ಎಂದು ಕೇಳಿದ್ದೆ. "ಬ್ಯಾಡಗಿಗೆ ಹೋದ್ರ ತಮ್ಮನ ಮನ್ಯಾಗ ಮೂಲ್ಯಾಗಿನ ಅಕ್ಕ ಆಗಿ ಕುಂದರಬೇಕು. ಹಾವೇರ್ಯಾಗ ಇದ್ರ ಬಸ್‌ಸ್ಟ್ಯಾಂಡಿನ್ಯಾಗೂ ನಾಲಗಿ ತೋರಿಸ್ತಾರ. ಇಲ್ಲಿ ನಾನು ಯಾರಿಗೂ ಏನೂ ಅಲ್ಲ. ಅದಕ್ಕ ಬಂದೆ." ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಓಣಿಯವರು ಕೇಳಿದರೆ, "ಪುರಸೊತ್ತು ಸಿಗಲಿಲ್ರೀ," ಅಂದು ಮುಗಿಸುತ್ತಿದ್ದರು.

ಇಂಥವರ ಮನೆಗೆ ಹಾವು ಬಂದದ್ದು ತಮ್ಮನ ಮಗನಿಂದ. ಅವನು ಹುಬ್ಬಳ್ಳಿಯಲ್ಲಿ ಆಫ್ರಿಕಾದ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವೊಂದನ್ನು ಸಾಕಿದ್ದ. ವಿಷವಿಲ್ಲದ, ತೋಳುದ್ದಕ್ಕಿಂತ ಸ್ವಲ್ಪ ಹೆಚ್ಚಿನ, ಕಂದು ಮೈಮೇಲೆ ಕಪ್ಪು ಪಟ್ಟೆಯ ಹಾವು. ಹೆದರಿದರೆ ತಲೆಯನ್ನು ನಡುವೆ ಬಚ್ಚಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತಿತ್ತು. ಹುಡುಗನ ಮದುವೆ ಗೊತ್ತಾದಾಗ ಬೀಗರು ಹಾವು ಇರುವ ಮನೆಗೆ ಹೆಣ್ಣು ಕೊಡುವುದಿಲ್ಲ ಅಂದರು. ಊರ ಹೊರಗೆ ಯಾವುದಾದರೂ ಹೊಲದಲ್ಲಿ ಬಿಟ್ಟು ಬರುತ್ತೇನೆ ಎಂದು ಫೋನಿನಲ್ಲಿ ಅಂದನಂತೆ. ಸಿಸ್ಟರ್ ಮರುದಿನವೇ ಬಸ್ಸು ಹತ್ತಿ ಹೋಗಿ, ಅರಣ್ಯ ಇಲಾಖೆಯ ನೋಂದಣಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ವ್ಯವಸ್ಥೆ ಮಾಡಿ, ಗಾಜಿನ ಪೆಟ್ಟಿಗೆ ಸಮೇತ ಕರೆದುಕೊಂಡು ಬಂದರು. "ಸಾಕಿದ್ದನ್ನ ಹೊಲದಾಗ ಬಿಡೂದು ಅಂದ್ರ ಕೊಲ್ಲೂದ. ಕೊಲ್ಲೂದು ಐತಿ ಅಂದ್ರ ಕೈಯಾರೆ ಕೊಲ್ಲು ಅಂದೆ. ಅಳಾಕತ್ತ. ಹಂಗಾದ್ರ ಕೊಡು ಅಂದೆ." ಅದು ಹೆಣ್ಣು ಹಾವು. ಗುಂಡಗೆ ಸುತ್ತಿಕೊಳ್ಳುತ್ತದೆಂದು ಗುಂಡವ್ವ ಎಂದು ಹೆಸರಿಟ್ಟರು.

ಓಣಿಗೆ ಓಣಿಯೇ ಬಂದು ಕೇಳಿತು. ಎಲ್ಲರಿಗೂ ಗೊತ್ತಿತ್ತು, ಸುಗ್ಗಿಯ ಕಾಲದಲ್ಲಿ ಹಾವು ಕಡಿದವರನ್ನು ಟ್ರ್ಯಾಕ್ಟರಿನಲ್ಲಿ, ಬೈಕಿನಲ್ಲಿ ಹಾವೇರಿಗೆ ಒಯ್ಯುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ಸಿಸ್ಟರ್ ಕೈಯಲ್ಲೇ ಉಳಿದಿದ್ದರು, ಕೆಲವರು ಅವರ ಕೈಯಲ್ಲೇ ಹೋಗಿದ್ದರು. "ನಿಮಗ ಹೆಂಗ ಮನಸ್ಸು ಬರತೈತ್ರಿ ಸಿಸ್ಟರ್, ಹಾವಿನ ಜೋಡಿ ಇರಾಕ?" ಎಂದು ಮನೆಯ ಮಾಲಕರು ಕೇಳಿದರು. ಮಾಲಕರು ಕೆಟ್ಟವರಲ್ಲ, ಮಂದಿ ಏನಂದಾರು ಎಂಬ ಒಂದೇ ಭಯದಲ್ಲಿ ಬದುಕಿದವರು. ಸಿಸ್ಟರ್ ಕಾಳು ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ. "ಮನುಷ್ಯಾರು ಕಡದು ಹಾಕಿದ ಮಂದಿನೂ ನನ್ನ ವಾರ್ಡಿಗೆ ಬರತಿದ್ರು, ಸಾವ್ಕಾರ್ರ. ಮನುಷ್ಯಾರ ಜೋಡಿ ಇರೂದು ಬಿಟ್ಟೇನೇನು?"

ಹಾವಿಗಿಂತ ದೊಡ್ಡ ಗದ್ದಲವಾದದ್ದು ಫ್ರಿಜ್ಜಿನ ವಿಷಯಕ್ಕೆ. ಹುಟ್ಟಿನಿಂದ ಮಾಂಸ ಮುಟ್ಟದ ಮನೆತನ ಅವರದು. ಫ್ರೀಜರಿನಲ್ಲಿ ಹುಬ್ಬಳ್ಳಿಯಿಂದ ತರಿಸಿದ ಬಿಳಿ ಇಲಿಗಳು ಡಬ್ಬಿಯಲ್ಲಿದ್ದವು. ಅತ್ತೆ ಮೂಗು ಮುಚ್ಚಿಕೊಂಡು, "ಲಿಂಗ ಕಟ್ಟಿಕೊಂಡಾಕಿ ಮನ್ಯಾಗ ಇಲಿ!" ಅಂದರು. ಸಿಸ್ಟರ್‌ದು ಒಂದೇ ಉತ್ತರ. "ನನ್ನ ತಾಟಿಗೆ ಹಾಕ್ಕೊಂಡೇನೇನ್ರಿ? ಅದು ಉಣ್ಣೂದು ಅದ. ಹಾವಿನ ಮುಂದ ರೊಟ್ಟಿ ಇಟ್ಟು ಧರ್ಮ ಕಲಿಸಾಕ ಆಗತೈತೇನು?"

ಈಗ ಆ ಚಳಿಗಾಲದ ಮಾತು. ಎಳ್ಳಮಾಸಿ ಹಬ್ಬ ಹತ್ತಿರ ಬಂದಿತ್ತು. ಗುಂಡವ್ವ ಸೊರಗಿದಂತೆ ಕಾಣುತ್ತಾಳೆ ಎಂದು ಸಿಸ್ಟರ್ ಆ ಸಲ ದೊಡ್ಡ ಇಲಿಯನ್ನೇ ಬಿಸಿನೀರಿನಲ್ಲಿ ಕರಗಿಸಿ ಕೊಟ್ಟಿದ್ದರು. ಮರುದಿನ ಮಾಲಕರು ಬಂದು, ಅದು ವಿಷದ ಹಾವೇ, ಆಫ್ರಿಕಾ ಗೀಫ್ರಿಕಾ ಎಲ್ಲ ಸುಳ್ಳು ಎಂದು ಓಣಿಯಲ್ಲಿ ಮಾತಾಡುತ್ತಿದ್ದಾರೆ ಅಂದರು. ಸಿಸ್ಟರಿಗೆ ಸಿಟ್ಟು ಬಂತು. ಒಳಗೆ ಹೋಗಿ ಹಾವನ್ನು ಎತ್ತಿಕೊಂಡು ಬಂದು, ಹೆಗಲ ಮೇಲೆ ಹಾಕಿಕೊಂಡು ಕಟ್ಟೆಯ ಮೇಲೆ ನಿಂತರು. "ನೋಡ್ರಿ! ಯಾರಿಗೆ ಕಡೀತೈತಿ ನೋಡ್ರಿ!" ಮಂದಿ ನೆರೆಯಿತು, ಫೋನುಗಳು ಹೊರಬಂದವು. ಅದೇ ದಿನ ಲೈನ್ ರಿಪೇರಿಗೆಂದು ಕರೆಂಟು ಹೋದದ್ದು ಕತ್ತಲಾದರೂ ಬರಲಿಲ್ಲ, ಪೆಟ್ಟಿಗೆ ಬೆಚ್ಚಗಿಡಲು ಕೆಳಗೆ ಇಟ್ಟಿದ್ದ ಕರೆಂಟಿನ ಹಾಸು ತಣ್ಣಗಾಗಿತ್ತು.

ಮುಂಜಾನೆ ಗೋಡೆಯ ಆ ಕಡೆಯಿಂದ ನನ್ನ ಹೆಸರು ಹಿಡಿದು ಕರೆದರು. ಅವರು ಹಾಗೆ ಕರೆದದ್ದೇ ಇಲ್ಲ, ನಾನು ಯಾವಾಗಲೂ 'ತಂಗಿ'. ಓಡಿದೆ. ಮನೆ ತುಂಬ ನಾತ. ಪೆಟ್ಟಿಗೆಯಲ್ಲಿ ಅರ್ಧ ಕರಗಿದ ಇಲಿ ಲೋಳೆಯಲ್ಲಿ ಬಿದ್ದಿತ್ತು. ಗುಂಡವ್ವ ಮೂಲೆಯಲ್ಲಿ ಹುರಿ ಬಿಚ್ಚಿದ ಹಗ್ಗದ ಹಾಗೆ ಸಡಿಲವಾಗಿ ಬಿದ್ದಿದ್ದಳು. ಸುತ್ತಿಕೊಳ್ಳುವ ಶಕ್ತಿಯೂ ಇರಲಿಲ್ಲ. ಸಿಸ್ಟರ್ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದರು. 

ಪಶು ಆಸ್ಪತ್ರೆಯ ಡಾಕ್ಟರ್ ಸಾಹೇಬರಿಗೆ ಫೋನು ಮಾಡಿದೆವು. ವಯಸ್ಸಿನಲ್ಲಿ ಚಿಕ್ಕವರು. ಅವರನ್ನು ತಾಯಿ ಹೆತ್ತದ್ದು ಹಾವೇರಿಯಲ್ಲಿ ಸಿಸ್ಟರ್ ಕೈಯಲ್ಲೇ ಅಂತೆ. ಬೈಕಿನಲ್ಲಿ ಬಂದು ನೋಡಿ ನೇರವಾಗಿ ಹೇಳಿದರು: "ಸಿಸ್ಟರ್, ಎಮ್ಮಿ ಹೊಟ್ಟಿ ನನಗ ಗೊತ್ತೈತಿ, ಕುರಿ ಹೊಟ್ಟಿ ಗೊತ್ತೈತಿ. ಹಾವಿನ ಹೊಟ್ಟಿ ನಾ ನೋಡಿಲ್ಲ. ನನ್ನ ಜೋಡಿ ಓದಿದಾಂವ ಪ್ರಾಣಿ ಸಂಗ್ರಹಾಲಯದಾಗ ಅದಾನ, ಅವನ್ನ ಕೇಳೂಣು." ಸ್ಪೀಕರ್ ಹಾಕಿ ಫೋನನ್ನು ಪೆಟ್ಟಿಗೆಯ ಮೇಲಿಟ್ಟರು. ಆ ಕಡೆಯವರು ಮೂರು ಪ್ರಶ್ನೆ ಕೇಳಿದರು. ಎಷ್ಟು ದೊಡ್ಡದು ತಿನ್ನಿಸಿದಿರಿ, ತಿಂದ ಮೇಲೆ ಎತ್ತಿದಿರಾ, ಬಿಸಿ ಎಷ್ಟಿತ್ತು?

"ದೊಡ್ಡದು ಕೊಟ್ಟೆ. ಮರುದಿನ ಎತ್ತಿದೆ. ಬಿಸಿ ಇರಲಿಲ್ಲ," ಅಂದರು ಸಿಸ್ಟರ್. "ಮೂರೂ ತಪ್ಪು ನಂದ. ಮುಂದ ಹೇಳ್ರಿ."

ಫೋನಿನವರು ಹೇಳಿದ್ದು ಕೇಳಲು ಸುಲಭ, ಮಾಡಲು ಕಷ್ಟ. ಹಾವಿನ ಮೈಗೆ ಸ್ವಂತ ಬಿಸಿ ಇಲ್ಲ, ಹೊರಗಿನ ಬಿಸಿಯಿಂದಲೇ ಉಂಡದ್ದು ಕರಗಬೇಕು. ಕಕ್ಕಿದ ಮೇಲೆ ಒಳಗೆಲ್ಲ ಹುಣ್ಣಾದ ಹಾಗೆ. ಎರಡು ವಾರವಾದರೂ ಏನೂ ತಿನ್ನಿಸಬೇಡಿ, ಶುದ್ಧ ನೀರು ಇಡಿ, ಒಂದು ಬದಿ ಸದಾ ಬೆಚ್ಚಗಿರಲಿ, ಮುಟ್ಟಬೇಡಿ. ಆಮೇಲೆ ಮರಿ ಇಲಿ ಒಂದು, ಮೊದಲಿನದರ ಅರ್ಧದಷ್ಟೂ ಇರಬಾರದು. ಅದನ್ನೂ ಕಕ್ಕಿದರೆ ಉಳಿಯುವುದು ಕಷ್ಟ.

ಡಾಕ್ಟರ್ ಹೋದ ಮೇಲೆ ಸಿಸ್ಟರ್ ಒದ್ದೆ ಬಟ್ಟೆಯಿಂದ ಪೆಟ್ಟಿಗೆಯನ್ನು ಒರೆಸಿ ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ ಅಂದರು: "ಮಂದಿಗೆ ತೋರಸಾಕ ಹೋದೆ ನೋಡು, ತಂಗಿ. ಹಟ ನಂದು, ಹೊಟ್ಟಿ ಕೆಟ್ಟಿದ್ದು ಅದರದು." ಅವರ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ. ಆ ದಿನದಿಂದ ಅವರ ಹಟ ದನಿ ಬದಲಿಸಿತು. ಕಟ್ಟೆಯ ಮೇಲೆ ನಿಂತು ಕೂಗುವುದು ನಿಂತಿತು. ಬಾಗಿಲು ಹಾಕಿಕೊಂಡು ಕಾಯುವುದು ಶುರುವಾಯಿತು.

"ನಿಮ್ಮ ಬೀಜಕ್ಕ ಬಿಸಿ ಹೆಂಗ ಹಿಡದು ಇಡತೀರಿ?" ಎಂದು ಕೇಳಿದರು. ನಾನು ಇಲ್ಲಿನ ಬೀಜದ ಕಂಪನಿಯೊಂದರಲ್ಲಿ ಮೊಳಕೆ ಪರೀಕ್ಷೆಯ ವಿಭಾಗದಲ್ಲಿದ್ದೇನೆ. ಒದ್ದೆ ಕಾಗದದಲ್ಲಿ ಸುತ್ತಿದ ಬೀಜವನ್ನು ಪೆಟ್ಟಿಗೆಯಲ್ಲಿಟ್ಟರೆ ಬಿಸಿ ಏರಿದಾಗ ತಾನೇ ಆರುವ, ಇಳಿದಾಗ ತಾನೇ ಹೊತ್ತುವ ಥರ್ಮೋಸ್ಟಾಟ್ ಅಲ್ಲಿದೆ. ಅಂಥದ್ದೇ ಒಂದನ್ನು ಪೇಟೆಯಿಂದ ತಂದೆವು. ನಮ್ಮ ಕಂಪನಿಯ ಎಲೆಕ್ಟ್ರಿಷಿಯನ್ ಬಂದು ಜೋಡಿಸಿಕೊಟ್ಟ. ಸಿಸ್ಟರ್ ಯಂತ್ರವನ್ನು ನಂಬಿದರೂ ಆಗಾಗ ಮುಂಗೈಯ ಹಿಂಬದಿಯನ್ನು ಗಾಜಿಗೆ ಒತ್ತಿ ನೋಡುತ್ತಿದ್ದರು.

ಓಣಿಯಲ್ಲಿ ನಗೆ ಎದ್ದಿತು. "ಸಿಸ್ಟರ್ ಹಾವಿಗೆ ಬಾಣಂತನ ಮಾಡಾಕತ್ತಾರಂತ!" ಕಿರಾಣಿ ಅಂಗಡಿಯಲ್ಲಿ ಯಾರೋ ಎದುರಿಗೇ ಅಂದರು. "ಹೌದ್ರಿ, ಮಾಡಾಕತ್ತೇನಿ," ಅಂದರು ಸಿಸ್ಟರ್. "ನಿಮ್ಮವ್ವಗೂ ನಾನ ಮಾಡೇನಿ. ಆಕಿನ್ನ ಕೇಳ್ರಿ, ಛಲೋ ಮಾಡತೇನೋ ಇಲ್ಲೋ."

ಮತ್ತೊಂದು ದಿನ ನಾಲ್ಕೈದು ಹೆಂಗಸರು ಅರಿಷಿಣ, ಕುಂಕುಮ, ತಂಬಿಗೆ ಹಾಲು ಹಿಡಿದು ಬಂದರು. ಮನೆಯೊಳಗೆ ನಾಗಪ್ಪ ಕಕ್ಕಿದ್ದು ಓಣಿಗೆ ಒಳ್ಳೆಯದಲ್ಲ, ಹಾಲೆರೆದು ಶಾಂತ ಮಾಡುತ್ತೇವೆ ಅಂದರು. ಭಕ್ತಿಯಿಂದಲೇ ಬಂದಿದ್ದರು, ಭಯವೂ ಖರೇ ಇತ್ತು. ಸಿಸ್ಟರ್ ಬಾಗಿಲಲ್ಲಿ ನಿಂತು ಸಮಾಧಾನದಿಂದ ಹೇಳಿದರು: "ಹಾಲು ಅದಕ್ಕ ದಕ್ಕಂಗಿಲ್ರೆವಾ. ಮೊದಲ ಹೊಟ್ಟಿ ಕೆಟ್ಟೈತಿ, ಹಾಲು ಹೋದ್ರ ಸಾಯತೈತಿ. ನಾಗಪ್ಪನ್ನ ಸಾಯಿಸಿದ ಪಾಪ ಯಾರಿಗೆ ಬೇಕು? ಒಳಗ ಬರ್ರಿ, ಕುಂದ್ರಿ." ಅದೇ ಹಾಲಿಗೆ ಶುಂಠಿ ಜಜ್ಜಿ ಹಾಕಿ ಚಹಾ ಮಾಡಿ ಅವರಿಗೇ ಕೊಟ್ಟರು. ಕುಡಿದು ಎದ್ದು ಹೋದರು. ಒಬ್ಬಾಕೆ ಮಾತ್ರ ಹೊಸ್ತಿಲು ದಾಟುವಾಗ ಪೆಟ್ಟಿಗೆಯಿದ್ದ ಕೋಣೆಯ ಕಡೆ ಕೈಮುಗಿದಳು. ಸಿಸ್ಟರ್ ಅದಕ್ಕೆ ಅಡ್ಡ ಬರಲಿಲ್ಲ.

ಕಾಯುವ ಆ ದಿನಗಳಲ್ಲಿ ಅತಿ ಕಷ್ಟದ್ದು ಹಾವಿನ ಹಸಿವೆಯನ್ನು ನೋಡುವುದು. ಸ್ವಲ್ಪ ಚೇತರಿಸಿಕೊಂಡ ಗುಂಡವ್ವ ಗಾಜಿನ ಉದ್ದಕ್ಕೂ ಮೂಗು ಹಚ್ಚಿ ಹುಡುಕುತ್ತಿದ್ದಳು.  "ಸಣ್ಣದೊಂದು ಕೊಟ್ರ ಏನಾಗತೈತ್ರಿ?" ಅಂದೆ. "ಆಪರೇಶನ್ ಆದ ಪೇಶೆಂಟೂ ನೀರು ಕೊಡು ಅಂತ ಕೈ ಹಿಡದು ಅಳತಿದ್ರು. ಕೊಟ್ಟಿದ್ರ ಪುಣ್ಯ ಬರತಿತ್ತು, ಪೇಶೆಂಟ್ ಹೋಗತಿದ್ದ," ಅಂದು ಬೇರೆ ಕಡೆ ಮುಖ ತಿರುಗಿಸಿದರು. ಅವರೂ ಸರಿಯಾಗಿ ಉಣ್ಣುತ್ತಿರಲಿಲ್ಲ ಎಂದು ನನಗೆ ಗೊತ್ತಾದದ್ದು ಅತ್ತೆಯಿಂದ.

ಒಂದು ಮುಂಜಾನೆ ಮತ್ತೆ ಕರೆಂಟು ಹೋಯಿತು. ಸಿಸ್ಟರ್ ರಬ್ಬರಿನ ಚೀಲಕ್ಕೆ ಬಿಸಿನೀರು ತುಂಬಿ, ಟವೆಲು ಸುತ್ತಿ, ಪೆಟ್ಟಿಗೆಯ ಬದಿಗೆ ಇಡುತ್ತಿದ್ದರು, ದಿನ ತುಂಬದೆ ಹುಟ್ಟಿದ ಕೂಸಿಗೆ ಇಟ್ಟ ಹಾಗೆ. ಅಷ್ಟರಲ್ಲಿ ಅವರ ಗ್ಯಾಸೂ ಮುಗಿಯಿತು. ನಾನು ಕೆಲಸದಲ್ಲಿದ್ದೆ. ಸಂಜೆ ಬಂದು ನೋಡಿದರೆ ನಮ್ಮ ಒಲೆಯ ಮೇಲೆ ಅಷ್ಟೆತ್ತರದ ಪಾತ್ರೆಯಲ್ಲಿ ನೀರು ಕುದಿಯುತ್ತಿದೆ, ಅತ್ತೆ ಫ್ಲಾಸ್ಕಿಗೆ ತುಂಬುತ್ತಿದ್ದಾರೆ. ಪಕ್ಕದಲ್ಲಿ ಮುಚ್ಚಿದ ತಾಟಿನಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ.

"ಹಾವಿಗೇನ್ರಿ ಅತ್ತೀ?" ಎಂದೆ.

"ಹಾವಿನ ಮಾತು ನನ್ನ ಮುಂದ ಎತ್ತಬ್ಯಾಡ. ನೀರು ಆಕಿಗೆ, ರೊಟ್ಟಿನೂ ಆಕಿಗೆ. ಮಕಾ ನೋಡೀ ಏನು ಆಕಿದು? ಮುಂಜಾನಿಂದ ಏಳು ಸಲ ಫ್ಲಾಸ್ಕು ತುಂಬೇನಿ, ಒಂದು ಸಲರ ಕುಂತಿಲ್ಲ ಆಕಿ."

ಎರಡು ವಾರಕ್ಕೆ ಇನ್ನೂ ನಾಲ್ಕು ದಿನ ಸೇರಿಸಿ, ಸಿಸ್ಟರ್ ಗುಂಡವ್ವನಿಗೆ ಮರಿ ಇಲಿಯೊಂದನ್ನು ಕೊಟ್ಟರು. ಹಾವು ಹಿಡಿಯಿತು, ನುಂಗಿತು, ಬೆಚ್ಚಗಿನ ಬದಿಗೆ ಹೋಗಿ ಸುತ್ತಿಕೊಂಡಿತು. ಪೆಟ್ಟಿಗೆಗೆ ಬಟ್ಟೆ ಮುಚ್ಚಿ ನಾವು ತುದಿಗಾಲಲ್ಲಿ ಹೊರಗೆ ಬಂದೆವು.

ಮಾಲಕರು ಬಂದದ್ದು ಮರುದಿನ. ಒಬ್ಬರೇ ಬಂದಿರಲಿಲ್ಲ. ಓಣಿಯ ಇಬ್ಬರು ಹಿರಿಯರು, ಜೊತೆಗೆ ಕೊಕ್ಕೆಯ ಕೋಲು ಮತ್ತು ಗೋಣಿಚೀಲ ಹಿಡಿದ ಒಬ್ಬ. ಹತ್ತಿರದ ಕೃಷ್ಣಮೃಗ ಅಭಯಾರಣ್ಯದ ಕಾಡಿಗೆ ಬಿಟ್ಟು ಬರುತ್ತೇವೆ, ಹೊಡೆಯುವುದಿಲ್ಲ, ಬಡಿಯುವುದಿಲ್ಲ, ನೀವು ಸುಮ್ಮನೆ ಬಾಗಿಲು ತೆರೆಯಿರಿ ಅಂದರು. ಸಿಸ್ಟರ್ ಬಾಗಿಲು ತೆರೆದರು, ಅದರ ನಡುವೆಯೇ ನಿಂತರು.

"ಅಲ್ಲಿ ಚಳಿಗೆ ಎರಡು ದಿನ ಬದುಕಂಗಿಲ್ಲ ಅದು. ಕಾಗದ ಬರೋಬ್ಬರಿ ಅದಾವ, ಫಾರೆಸ್ಟಿನವರನ್ನ ಕರೀರಿ, ಬಂದು ನೋಡ್ಲಿ."

"ಕಾಗದದ ಮಾತಲ್ರಿ ಸಿಸ್ಟರ್. ಮಂದಿ ನನಗ ಅಂತಾರ. ಮನಿ ನಂದು."

"ಮನಿ ನಿಮ್ಮದು. ಖರೇ. ಮನಿ ಬಿಡು ಅಂತ ಬರದು ಕೊಡ್ರಿ, ಕೋರ್ಟಿಗೆ ಹೋಗ್ರಿ, ಹಾವೇರಿಗೆ ಬಸ್ಸಿಗೇನು ಬರ ಇಲ್ಲ. ನ್ಯಾಯಾಧೀಶರು ಬಿಡು ಅಂದ ದಿನ ಬಿಡತೇನಿ. ಆದ್ರ ಇವತ್ತು ಆ ಪೆಟಗಿ ಅಲುಗಾಡಂಗಿಲ್ಲ. ನಿನ್ನೆ ಉಂಡೈತಿ. ಅಲುಗಾಡಿದ್ರ ಕಕ್ಕತೈತಿ, ಕಕ್ಕಿದ್ರ ಸಾಯತೈತಿ." ಉಸಿರು ತೆಗೆದುಕೊಂಡರು. "ಅದನ್ನ ಎತ್ತಬೇಕಂದ್ರ ಮೊದಲ ನನ್ನನ್ನ ಎತ್ರಿ. ನಾನು ದಪ್ಪ ಅದೇನಿ, ನೀವು ನಾಲ್ಕೂ ಮಂದಿ ಕೈ ಹಚ್ಚಬೇಕಾಕ್ಕೈತಿ."

ದನಿ ಏರಿಸಿರಲಿಲ್ಲ. ಹಿರಿಯರಲ್ಲಿ ಒಬ್ಬರು ನಕ್ಕುಬಿಟ್ಟರು. ಕೋಲಿನವನು ಮಾಲಕರ ಮುಖ ನೋಡಿದ. ಆಗ ಪಕ್ಕದ ಬಾಗಿಲಿನಿಂದ ನಮ್ಮ ಅತ್ತೆ ಹೊರಗೆ ಬಂದು ಸಿಸ್ಟರ್ ಪಕ್ಕ ನಿಂತರು. ತಲೆಯ ಮೇಲೆ ಸೆರಗು, ಕೈಯಲ್ಲಿ ಹಿಟ್ಟು ಹತ್ತಿದ ಲಟ್ಟಣಿಗೆ. ನಾನೂ ಹೋಗಿ ನಿಂತೆ. ಬಂದವರು ಏನೋ ಗೊಣಗಿ ಹೋದರು.

ಮುಂದಿನ ವಾರ ಒಂದು ಬೆಳಿಗ್ಗೆ ಸಿಸ್ಟರ್ ನಮ್ಮ ಬಾಗಿಲು ಬಡಿದರು. ಮುಖ ಅರಳಿತ್ತು. "ಹೇತೈತಿ!" ಅಂದರು, ಮಗಳು ಹುಟ್ಟಿದ ಸುದ್ದಿ ಹೇಳುವ ದನಿಯಲ್ಲೇ. "ತಂಗೀ, ಹೇತೈತಿ! ಹೊಟ್ಟಿ ನಡದೈತಿ!" ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಇಂಥಾದ್ದು ಮುಂಜಾನೆದ್ದು ಕೇಳಬೇಕಾತು," ಅಂದರು. ಆದರೂ ನಕ್ಕರು.

ಒಂದು ವರ್ಷದ ಮೇಲೆ ಅವರು ರಾಣೆಬೆನ್ನೂರು ಬಿಟ್ಟರು. ಬ್ಯಾಡಗಿಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು. ಹೊರಡುವ ಮುಂಚೆ ಮಾಲಕರ ಮನೆಗೆ ತಾವೇ ಹೋಗಿ ಹೇಳಿದರು: "ನೀವು ಬಿಡಸಿದ್ರಿ ಅಂತ ಹೊಂಟಿಲ್ಲ. ನಮ್ಮವ್ವನ ಸಲುವಾಗಿ ಹೊಂಟೇನಿ. ಮಂದಿ ಕೇಳಿದ್ರ ಹಂಗ ಹೇಳ್ರಿ." ಮಾಲಕರು, ಹಾವನ್ನು ಕತ್ತಲಾದ ಮೇಲೆ ಒಯ್ಯಿರಿ ಅಂದರಂತೆ. ಅವರು ಸಂತೆಯ ದಿನ, ನಡುಮಧ್ಯಾಹ್ನ, ಆಟೊದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪೇಟೆಯ ನಡುವಿನಿಂದಲೇ ಹೋದರು.

ತಾಯಿ ತೀರಿದ ಮೇಲೂ ಅಲ್ಲೇ ಉಳಿದರು. ಮೂಲೆಯ ಅಕ್ಕ ಆಗಲಿಲ್ಲ ಎಂದು ಕೇಳಿದ್ದೇನೆ. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಕೆಮ್ಮು, ಕಣ್ಣುರಿ ನೋಡಿ, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಲು ಬಿಡುವವರೆಗೆ ಕೆಲಸಕ್ಕೆ ಹೋಗಬೇಡಿ ಎಂದು ಹೇಳಿಕೊಟ್ಟು ವ್ಯಾಪಾರಿಗಳ ಸಿಟ್ಟು ಕಟ್ಟಿಕೊಂಡರು. ಹೃದಯ ನಿಂತದ್ದು ಹೋದ ತಿಂಗಳು, ಬೆಳಗಿನ ಚಹಾ ಮಾಡುವಾಗ.

ಮಣ್ಣಿನ ದಿನ ಅಂಗಳದಲ್ಲಿ ಚಹಾ ಮುಗಿದ ಮೇಲೆ ಹಾವಿನ ಮಾತು ಬಂತು. ಯಾರಿಗಾದರೂ ಕೊಟ್ಟುಬಿಡಿ, ಎಲ್ಲಾದರೂ ಬಿಟ್ಟುಬಿಡಿ ಅಂದರು. ತಮ್ಮನ ಮಗ ನೆಲ ನೋಡುತ್ತಿದ್ದ. ನಾನು ಎದ್ದು, "ನಾ ಒಯ್ಯತೇನಿ," ಅಂದೆ. ಕಾಗದಪತ್ರವನ್ನು ನನ್ನ ಹೆಸರಿಗೆ ಮಾಡಿಸಿಕೊಡುವುದಾಗಿ ಅವನೇ ಒಪ್ಪಿಕೊಂಡ, ಗಾಡಿಯನ್ನೂ ಗೊತ್ತು ಮಾಡಿದ. ಮನೆಯಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ. ದಾರಿಯುದ್ದಕ್ಕೂ ಅತ್ತೆಗೆ ಹೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತ ಬಂದೆ.

ಅತ್ತೆ ಬಾಗಿಲು ತೆರೆದು ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಕಣ್ಣು ಒರೆಸಿಕೊಂಡರು. ಆಮೇಲೆ ಒಳಗೆ ಹೋಗಿ, ಅಡುಗೆಮನೆಗೆ ಹೊಂದಿದ ಗೋಡೆಯ ಬದಿಯಲ್ಲಿದ್ದ ತಮ್ಮ ಟ್ರಂಕನ್ನು ಕಾಲಿನಿಂದ ಸರಿಸಿ ಜಾಗ ಮಾಡಿದರು.

"ಇಲ್ಲಿ ಇಡು, ಬೆಚ್ಚಗಿರತೈತಿ," ಅಂದರು. "ಮಾಲಕ ಬಂದ್ರ ನಾ ಮಾತಾಡತೇನಿ."

ಮಾಲಕರು ಮರುದಿನವೇ ಬಂದರು. ಅತ್ತೆ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕುಳಿತು ಮಾತಾಡಿದರು. ಮಾಲಕರು ಚಹಾ ಕುಡಿದು ಹೋದರು. ಗುಂಡವ್ವ ಇಲ್ಲೇ ಇದ್ದಾಳೆ.